ಉಣ್ಣೆ ಗಿರಣಿಯಲ್ಲಿ ಸೋನ್ಯಾಳದ ಮಾತು

ಇಂಗ್ಲೆಂಡಿಗೆ ಬಂದ ಮೊದಲ ವಾರ ನನ್ನ ಗಂಡ ದಸ್ತಗೀರ ತಾವು ಕೆಲಸ ಮಾಡುವ ಗಿರಣಿ ತೋರಿಸಲು ನನ್ನನ್ನು ಕರೆದುಕೊಂಡು ಹೋದರು. ಐದಂತಸ್ತಿನ ಕಲ್ಲಿನ ಕಟ್ಟಡ, ಮೇಲೆ ಮೋಡಕ್ಕೆ ಮುಟ್ಟುವಂಥ ಹೊಗೆಗೂಡು. ಒಳಗೆ ಯಂತ್ರಗಳ ಗದ್ದಲವಿರುತ್ತದೆಂದು ಸೆರಗನ್ನು ಕಿವಿಯ ಮೇಲೆ ಬಿಗಿಯಾಗಿ ಎಳೆದುಕೊಂಡಿದ್ದೆ. ಬಾಗಿಲು ದಾಟಿದರೆ ಸದ್ದೇ ಇಲ್ಲ. ನಮ್ಮ ಜತ್ತದ ಸಂತೆ ಹಿಡಿಸುವಷ್ಟು ದೊಡ್ಡ ಕೋಣೆ. ಅದರ ನಟ್ಟನಡುವೆ ಒಂದು ಮಣ್ಣಿನ ಗುಡ್ಡೆ, ಸುತ್ತಲೂ ಹಗ್ಗ.

"ಇದೇನ್ರಿ?"

"ಮಣ್ಣು."

"ಅದು ಕಾಣತೈತ್ರಿ. ಇಲ್ಲಿ ಯಾಕ ಸುರುವ್ಯಾರ?"

"ನೋಡಾಕ. ಮುಟ್ಟಬ್ಯಾಡ ಮತ್ತ."

"ಮಣ್ಣಿಗಿ ಕಾವಲೇನ್ರಿ?"

"ಹೂಂ," ಎಂದರು ಅವರು, ಗೋಡೆಯ ಪಕ್ಕದ ಕುರ್ಚಿ ತೋರಿಸಿ. "ನಾನ ಕಾವಲುಗಾರ."

ನಮ್ಮ ಕಡೆ ಜೋಳದ ತೆನೆಗೆ ಕಾವಲಿರುತ್ತದೆ, ಹಕ್ಕಿ ಬರುತ್ತವೆಂದು. ಶೇಂಗಾ ಹೊಲಕ್ಕಿರುತ್ತದೆ, ಹಂದಿ ಬರುತ್ತವೆಂದು. ಬರಿ ಮಣ್ಣನ್ನು ಯಾರೂ ಕಾಯುವುದಿಲ್ಲ. ಬೇಸಿಗೆಯಲ್ಲಿ ಅದು ತಾನೇ ಎದ್ದು ಬಂದು ನಮ್ಮ ಕಣ್ಣಿಗೆ, ಅನ್ನದ ತಾಟಿಗೆ ಬೀಳುತ್ತದೆ. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಗಂಡನ ಊರು ಸೋನ್ಯಾಳದಲ್ಲಿ ನಮ್ಮತ್ತೆ ಖಾಸಿಂಬಿ ಓಣಿಗೆಲ್ಲ ಹೇಳಿಕೊಂಡಿದ್ದರು, ಮಗ ವಿಲಾಯತಿಯ ಉಣ್ಣೆ ಗಿರಣಿಯಲ್ಲಿದ್ದಾನೆ ಎಂದು. ಅದು ಸುಳ್ಳೂ ಅಲ್ಲ. ಯಾರ್ಕ್‌ಶೈರಿನ ಈ ಊರಿನ ಆ ಕಟ್ಟಡ ಒಂದು ಕಾಲಕ್ಕೆ ಉಣ್ಣೆ ಹಿಕ್ಕುವ ಗಿರಣಿಯೇ. ಮುಚ್ಚಿ ಬಹಳ ವರ್ಷ ಪಾರಿವಾಳಗಳ ಮನೆಯಾಗಿತ್ತು. ಆಮೇಲೆ ಅದನ್ನು ತೊಳೆದು, ಗಾಜು ಹಾಕಿ, ಇವತ್ತಿನ ಕಾಲದ ಕಲೆಯ ಮ್ಯೂಸಿಯಮ್ ಮಾಡಿದರು. ಗಿರಣಿ ನಡೆಯುತ್ತಿದ್ದಾಗ ಅಲ್ಲಿ ದುಡಿದವರು ನನ್ನ ಗಂಡನ ಸೋದರಮಾವ ಹುಸೇನಸಾಬರು. ನಾವು ಇದ್ದದ್ದು ಅವರ ಮನೆಯಲ್ಲೇ.

ಮನೆ ಎಂದರೆ ಇಲ್ಲಿ ಟೆರೇಸ್ ಮನೆ ಎನ್ನುತ್ತಾರೆ. ಟೆರೇಸ್ ಎಂದ ಕೂಡಲೇ ನಾನು ಮಾಳಿಗೆ ಇರುತ್ತದೆ, ಶಾವಿಗೆ ಒಣಗಿಸಬಹುದು ಎಂದುಕೊಂಡಿದ್ದೆ. ಅದಲ್ಲ. ಓಣಿಯುದ್ದಕ್ಕೂ ಗೋಡೆಗೆ ಗೋಡೆ ಹಚ್ಚಿ ನಿಂತ ಮನೆಗಳ ಸಾಲಿಗೆ ಆ ಹೆಸರು. ಈ ಮನೆಯವರು ಕೆಮ್ಮಿದರೆ ಆ ಮನೆಯವರಿಗೆ ಗೊತ್ತಾಗುತ್ತದೆ. ಆದರೆ ಕೆಮ್ಮು ಕೇಳಿದವರು ಬಂದು ವಿಚಾರಿಸುವುದಿಲ್ಲ. ಬಸ್ಸಿನ ಡ್ರೈವರ್ ಮೊದಲ ದಿನವೇ ನನ್ನನ್ನು "ಲವ್" ಎಂದು ಕರೆದ. ನನ್ನ ಮುಖ ಬೆಂಕಿಯಾಯಿತು. ಅದು ಇಲ್ಲಿ ನಮ್ಮ "ಯವ್ವಾ", "ತಂಗಿ" ಇದ್ದ ಹಾಗೆ, ಮುದುಕರಿಗೂ ಅನ್ನುತ್ತಾರೆ ಎಂದು ಪಕ್ಕದ ಮನೆಯ ನಸೀಮ್ ಆಪಾ ಹೇಳಿಕೊಟ್ಟರು. ಅವರು ಪಾಕಿಸ್ತಾನದಲ್ಲಿರುವ ಮೀರಪುರದ ಕಡೆಯವರು. ನನ್ನ ದಖನಿ ಉರ್ದು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರ ಪಂಜಾಬಿ ಮಿಶ್ರಿತ ಉರ್ದು ನನಗೆ ಅರ್ಧವೇ ತಿಳಿಯುತ್ತಿತ್ತು. ನಮ್ಮ ಜತ್ತ ತಾಲೂಕು ಮಹಾರಾಷ್ಟ್ರದ್ದಾದ್ದರಿಂದ ಶಾಲೆಯಲ್ಲಿ ಕಲಿತ ಮರಾಠಿಯಂತೂ ಬೀರುವಿನಲ್ಲಿಟ್ಟ ರೇಷ್ಮೆ ಸೀರೆಯಂತೆ, ಇತ್ತು, ಉಡುವ ಸಂದರ್ಭವಿರಲಿಲ್ಲ. ನಾವು ಪಿಂಜಾರರು, ಹತ್ತಿ ಹಿಂಜಿ ಗಾದಿ ಮಾಡುವ ಮನೆತನ. ನಮ್ಮ ಅಡಿಗೆಮನೆಯ ಮಾತು ಕನ್ನಡ. ಗಂಡ ಕೆಲಸಕ್ಕೆ ಹೋದರೆ ಆ ಮಾತಿಗೆ ಉಳಿಯುತ್ತಿದ್ದವರು ಮಾಮಾ ಹುಸೇನಸಾಬರೊಬ್ಬರೇ. ಅವರಿಗೆ ಕಿವಿ ಕೇಳುತ್ತಿರಲಿಲ್ಲ.

ಗಿರಣಿಯ ಸದ್ದು ಅವರ ಕಿವಿಗಳನ್ನು ತಿಂದಿತ್ತು. ಅಲ್ಲಿ ದುಡಿದವರೆಲ್ಲ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಿದ್ದರಂತೆ. ಮಾಮಾ ಇಂಗ್ಲಿಷ್ ತುಟಿಯನ್ನೂ ಪಂಜಾಬಿ ತುಟಿಯನ್ನೂ ಓದಬಲ್ಲವರಾಗಿದ್ದರು. ತೀರಿಹೋದ ಮಾಮಿ ಪಂಜಾಬಿನವರು. ಆದರೆ ಕನ್ನಡ ಆಡುವ ತುಟಿ ಅವರಿಗೆ ಗೊತ್ತಿರಲಿಲ್ಲ. ಕಿವುಡು ಬಂದ ಮೇಲೆ ಎದುರು ನಿಂತು ಕನ್ನಡ ಮಾತಾಡಿದವರು ಯಾರಿದ್ದರು? ದಸ್ತಗೀರರೂ ಬಂದಾಗಿನಿಂದ ಅವರೊಡನೆ ಮುರುಕು ಇಂಗ್ಲಿಷಿನಲ್ಲೇ ಕೆಲಸ ಸಾಗಿಸಿದ್ದರು. ನಾನು "ಮಾಮಾ, ಚಾ ಕುಡೀತೀರೇನ್ರಿ?" ಎಂದರೆ ಅವರು ನನ್ನ ಬಾಯನ್ನೇ ನೋಡಿ, ತಿಳಿಯದೆ, ಸುಮ್ಮನೆ ತಲೆಯಾಡಿಸುತ್ತಿದ್ದರು.

ಒಂದು ಮಧ್ಯಾಹ್ನ ಊರಿಂದ ತಂದಿದ್ದ ಜೋಳದ ಹಿಟ್ಟು ಬಿಚ್ಚಿದೆ. ಅಡಿಗೆಮನೆಯ ಮೇಜಿನ ಮೇಲೆಯೇ ರೊಟ್ಟಿ ಬಡಿಯತೊಡಗಿದೆ. ಮಾಮಾ ಅದೇ ಮೇಜಿನ ಇನ್ನೊಂದು ತುದಿಗೆ ಪೇಪರು ಹರಡಿಕೊಂಡು ಕೂತಿದ್ದರು. ಇದ್ದಕ್ಕಿದ್ದಂತೆ ಪೇಪರು ಸರಿಸಿ, ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟರು. ಕಣ್ಣು ಮುಚ್ಚಿದರು. ನಾನು ನಿಲ್ಲಿಸಿದೆ.

"ನಿಲ್ಲಸಬ್ಯಾಡ," ಎಂದರು. "ಬಡಿ, ಬಡಿ."

ಆ ಮನೆಗೆ ಬಂದ ಮೇಲೆ ಅವರ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ಅದು. ಕೊನೆಯ ಉಂಡೆ ಮುಗಿಯುವವರೆಗೂ ಕೈ ತೆಗೆಯಲಿಲ್ಲ. ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ, ಮೇಲೆ ಎಣ್ಣೆ ಹಾಕಿ ಕೊಟ್ಟೆ. ಮುರಿದು ಬಾಯಿಗಿಟ್ಟುಕೊಂಡು, "ಸ್ವಲ್ಪ ದಪ್ಪ ಆಗ್ಯಾವ," ಎಂದರು. ಆಮೇಲೆ ಏನೋ ತಪ್ಪು ಮಾಡಿದವರಂತೆ, "ಚಲೋ ಅದಾವ, ಭಾಳ ಚಲೋ ಅದಾವ," ಎಂದರು.

ಅಂದಿನಿಂದ ನಾನು ಚೂರುಪಾರು ಕೇಳುತ್ತಿದ್ದ ಅವರ ಎಡಗಿವಿಯ ಹತ್ತಿರ ಬಾಯಿಟ್ಟು ಒದರಿ ಮಾತಾಡುವುದು, ಎದುರು ಕೂತು ಅದನ್ನೇ ಮತ್ತೆ ನಿಧಾನವಾಗಿ ಆಡುವುದು ಶುರುವಾಯಿತು. ಹೀಗೆ ಅವರು ಕನ್ನಡದ ತುಟಿ ಕಲಿತರು. ನಾನು ಅವರಿಂದ ಬೇರೆಯೇ ಕನ್ನಡ ಕಲಿತೆ. ಅವರದು ಊರು ಬಿಟ್ಟ ದಿನಕ್ಕೆ ನಿಂತುಹೋದ ಮಾತು. ಬಸ್ಸಿಗೆ ಮೋಟಾರು ಎನ್ನುತ್ತಿದ್ದರು. ನನ್ನ ತವರು ಮಾಡಗ್ಯಾಳ ಎಂದು ಗೊತ್ತಾದಾಗ, "ಮಾಡಗ್ಯಾಳದ ಕುರಿ ಮೂಗು ಇನ್ನೂ ಹಂಗ ಡೊಂಕ ಐತೇನು?" ಎಂದು ಕೇಳಿದರು. ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು ನಮ್ಮ ಕುರಿಗಳ ಗುರುತು. ಹೌದೆಂದೆ. ಊರಿನ ದೊಡ್ಡ ಸುದ್ದಿ ಕೇಳಿದವರಂತೆ ಸಮಾಧಾನಪಟ್ಟರು.

ಒಂದೇ ಒಂದು ವಿಷಯಕ್ಕೆ ಅವರು ಬಗ್ಗುತ್ತಿರಲಿಲ್ಲ. ಗಿರಣಿ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅದು ಮ್ಯೂಸಿಯಮ್ ಆದ ಮೇಲೆ ಅವರು ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ.

"ಸತ್ತವರ ಮನಿಗಿ ಸುಣ್ಣಾ ಬಳದ್ರ ನೋಡಾಕ ಹೋಗತಾರೇನವ್ವಾ?" ಎನ್ನುತ್ತಿದ್ದರು.

ಮಾಮಾ ಮತ್ತು ನಮ್ಮತ್ತೆಯ ನಡುವೆಯೂ ಒಂದು ಗೋಡೆಯಿತ್ತು. ಅತ್ತೆ ಅವರ ಅಕ್ಕ. ಆಗಾಗ ಸೋನ್ಯಾಳದಿಂದ ಜತ್ತಕ್ಕೆ ಬಂದು, ಬಸ್ ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿನಿಂದ ಫೋನು ಮಾಡಿಸುತ್ತಿದ್ದರು. ಮಾಮಾ ರಿಸೀವರ್ ಹಿಡಿದು, "ಅಕ್ಕಾ, ಚಲೋ ಅದೀಯೇನು? ನಾ ಚಲೋ ಅದೀನಿ," ಎಂದು ಗಟ್ಟಿಯಾಗಿ ಹೇಳಿ, ಆಕಡೆಯ ಉತ್ತರಕ್ಕೆ ಕಾಯದೆ ನನ್ನ ಕೈಗೆ ಕೊಟ್ಟುಬಿಡುತ್ತಿದ್ದರು. ನಾನು ಕಿವಿಗಿಟ್ಟರೆ ಅತ್ತೆಯ ಮಾತು ಅರ್ಧದಲ್ಲಿರುತ್ತಿತ್ತು.

"ಕೊಟ್ಟನೇನು ಸಾಹೇಬ? ನನ್ನ ಮಾತ ಕೇಳಾಕ ಅವಗ ಪುರುಸೊತ್ತಿಲ್ಲ. ಇರಲಿ ಬಿಡು."

ಅವರಿಗೆ ಕಿವಿ ಕೇಳುವುದಿಲ್ಲ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿರುತ್ತಿತ್ತು. ಮಾಮಾ ಎದುರಿಗೇ ನಿಂತು ಬೇಡವೆಂದು ಕೈಯಾಡಿಸುತ್ತಿದ್ದರು. ಒಮ್ಮೆ ಯಾಕೆಂದು ಕೇಳಿದೆ. "ಅವ್ವ ಸತ್ತಾಗ ನಾ ಹೋಗಲಿಲ್ಲ. ಸುದ್ದಿ ಮುಟ್ಟೂದರಾಗ ಎಲ್ಲಾ ಮುಗಿದಿತ್ತು. ಆಗೂ ಆಕಿ ಒಬ್ಬಾಕಿನ ಅತ್ತಾಳ. ಈಗ ಇದಕ್ಕೂ ಅಳಬೇಕೇನು?" ಎಂದರು. ಹೀಗೆ ಕಿವುಡನ್ನು ಮುಚ್ಚಿಟ್ಟು ಸೊಕ್ಕಿನವರು ಅನ್ನಿಸಿಕೊಂಡಿದ್ದರು.

ಮರುವರ್ಷ ಮ್ಯೂಸಿಯಮ್ಮಿಗೆ ಹೆಲೆನ್ ಎಂಬ ಕಲಾವಿದೆ ಬಂದಳು. ಚಿತ್ರ ಬರೆಯುವವಳಲ್ಲ. ಸದ್ದುಗಳಿಂದಲೇ ಏನೋ ಕಟ್ಟುವವಳು. ಗಿರಣಿಯ ಮೂರನೆಯ ಅಂತಸ್ತು ಪೂರ್ತಿ ಖಾಲಿ ಬಿಟ್ಟು, ಅಲ್ಲಿರುವ ಕಬ್ಬಿಣದ ಕಂಬ ಕಂಬಕ್ಕೂ ಸ್ಪೀಕರ್ ಕಟ್ಟಿ ಒಬ್ಬ ಹಳೆಯ ಕೆಲಸಗಾರನ ದನಿ ಹಚ್ಚುವುದು ಅವಳ ಯೋಜನೆ. ಪೋಲೆಂಡಿನವರು, ಇಟಲಿಯವರು, ಪಂಜಾಬಿನವರು, ಎಲ್ಲರೂ ತಮ್ಮ ತಮ್ಮ ಮಾತಿನಲ್ಲೇ ಆಡಬೇಕು. ದಸ್ತಗೀರರಿಂದ ಮಾಮಾರ ಸುದ್ದಿ ಕೇಳಿ, "ಟೀ ಹೊತ್ತಿಗೆ ಬರಲೇ?" ಎಂದು ಕೇಳಿ ಕಳಿಸಿದಳು.

ನಾನು ಏಲಕ್ಕಿ ಹಾಕಿ ಚಹಾ ಕುದಿಸಿ, ಬಿಸ್ಕತ್ತು ಜೋಡಿಸಿಟ್ಟೆ. ಹೆಲೆನ್ ಕುಡಿದಳು, ತಿಂದಳು, ಮತ್ತೆ ಏನನ್ನೋ ಕಾಯುವವಳಂತೆ ಕೂತಳು. ದಸ್ತಗೀರ ನನ್ನನ್ನು ಒಳಗೆ ಕರೆದು, "ಇಲ್ಲಿ ಟೀ ಅಂದ್ರ ಸಂಜಿ ಊಟ. ಆಕಿ ಹಸಗೊಂಡ ಬಂದಾಳ!" ಎಂದರು. ಗಡಬಡಿಸಿ ಹಿಟ್ಟು ಕಲೆಸಿ ಬಡಿಯತೊಡಗಿದೆ. ಮಾಮಾ ಎಂದಿನಂತೆ ಅಂಗೈ ಊರಿ ಕೂತರು. ಹೆಲೆನ್ ಅದನ್ನು ನೋಡಿದಳು. ಸ್ವಲ್ಪ ಹೊತ್ತಿಗೆ ತಾನೂ ಮೇಜಿನ ಮೇಲೆ ಅಂಗೈ ಇಟ್ಟಳು.

ಊಟವಾದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: ಅಷ್ಟು ಗದ್ದಲದಲ್ಲಿ ನೀವು ಯಾರ ಜೊತೆ ಮಾತಾಡುತ್ತಿದ್ದಿರಿ?

ಮಾಮಾ ಅವಳ ತುಟಿ ಓದಿ ನಕ್ಕರು. ಉತ್ತರ ಹೇಳಿದ್ದು ನನ್ನ ಕಡೆ ತಿರುಗಿ, ಕನ್ನಡದಲ್ಲಿ. "ಅವ್ವನ ಜೋಡಿ. ಅಲ್ಲಿ ಒದರಿದ್ರೂ ಯಾರಿಗೂ ಕೇಳಸ್ತಿರಲಿಲ್ಲ. ಕೇಳಿಸಿದ್ರೂ ತಿಳೀತಿರಲಿಲ್ಲ. ಪಾಳಿ ಮುಗಿಯೂತನಾ ಆಕಿ ಜೋಡಿ ಮಾತಾಡ್ತಿದ್ದೆ. ಸತ್ತ ಮ್ಯಾಲೂ ಬಿಡಲಿಲ್ಲ. ಗಿರಣಿ ಮುಚ್ಚಿದ ದಿನಾ ನಿಂತಿತು."

ನಾನು ಅದನ್ನು ಹೆಲೆನ್‌ಗೆ ಹೇಗೆ ಹೇಳಿದೆನೋ, ನನ್ನ ಇಂಗ್ಲಿಷ್ ಆಗ ಅಷ್ಟಕ್ಕಷ್ಟೇ. ಅವಳ ಕಣ್ಣು ತುಂಬಿದ್ದು ನೋಡಿ ಹೇಳಿದ್ದು ಸರಿಯಾಗಿದೆ ಎಂದುಕೊಂಡೆ. ಬಂದು ಅಲ್ಲೇ ನಿಂತು ಮಾತಾಡುತ್ತೀರಾ ಎಂದು ಅವಳು ಕೇಳಿದಳು. ಮಾಮಾ ತಾಟಿನಲ್ಲುಳಿದ ರೊಟ್ಟಿಯ ಚೂರು ಮುರಿಯುತ್ತ ಕೂತರು.

"ಈಕಿ ಎದುರಿಗೆ ನಿಲ್ಲಲಿ," ಎಂದು ನನ್ನನ್ನು ತೋರಿಸಿದರು. "ಹಂಗಾದ್ರ ಬರತೀನಿ."

ಹೋದ ದಿನ ಮಾಮಾ ಕೋಟು, ಟೈ ಹಾಕಿಕೊಂಡಿದ್ದರು. ಕೆಳಗಿನ ಅಂತಸ್ತಿನಲ್ಲಿ ಆಗ ಬೇರೇನೋ ಪ್ರದರ್ಶನವಿತ್ತು, ಬಣ್ಣದ ಕೊಡೆಗಳನ್ನು ತಲೆಕೆಳಗಾಗಿ ತೂಗಿಬಿಟ್ಟಿದ್ದರು. ಮಾಮಾ ಅದರತ್ತ ನೋಡಲೇ ಇಲ್ಲ. ಮೂರನೆಯ ಅಂತಸ್ತಿನ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಗೋಡೆಗೆಲ್ಲ ಬಿಳಿ ಬಣ್ಣ, ಕಿಟಕಿಯಿಂದ ಧಾರಾಳ ಬೆಳಕು. "ಇಷ್ಟ ಬೆಳಕ ಇತ್ತೇನು ಇಲ್ಲಿ?" ಎಂದರು. ಆಮೇಲೆ ಯಾರನ್ನೂ ಕೇಳದೆ ನೇರವಾಗಿ ಒಂದು ಕಂಬದ ಹತ್ತಿರ ನಡೆದರು. ಬಗ್ಗಿ ನೆಲದ ಹಲಗೆಯನ್ನು ಉಜ್ಜಿ, ಬೆರಳು ಮೂಸಿ, ನನ್ನ ಮೂಗಿನ ಹತ್ತಿರ ಹಿಡಿದರು. ಉಣ್ಣೆಯ ಜಿಡ್ಡಿನ ವಾಸನೆ. ಮಾಡಗ್ಯಾಳದಲ್ಲಿ ನಮ್ಮ ಮನೆಯ ಹಿಂದಿನ ಕುರಿಹಟ್ಟಿಯದೇ ವಾಸನೆ. ಅಷ್ಟು ತೊಳೆದರೂ ಹಲಗೆಗಳೊಳಗೆ ಉಳಿದುಕೊಂಡಿತ್ತು. ವಿಮಾನ ಇಳಿದಾಗಿನಿಂದ ಬಿಗಿಹಿಡಿದದ್ದೇನೋ ನನ್ನೊಳಗೆ ಸಡಿಲವಾಯಿತು.

ಹೆಲೆನ್ ಮೈಕು ಹಚ್ಚಿ ದೂರ ಸರಿದಳು. ನಾನು ಎದುರು ನಿಂತೆ, ನಡುವೆ ಯಂತ್ರವಿದೆ ಎನ್ನುವಷ್ಟು ದೂರದಲ್ಲಿ. ಮಾಮಾ ನನ್ನನ್ನು ನೋಡುತ್ತ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಅವರ ಕಣ್ಣು ನನ್ನ ಮೇಲಿದ್ದರೂ ಅವರು ನೋಡುತ್ತಿದ್ದದ್ದು ನನ್ನನ್ನಲ್ಲ.

"ಅವ್ವಾ, ನಾ ಹುಸೇನ. ಇವತ್ತ ಮಿಷನ್ ಬಂದ್ ಅದಾವ, ಸಣ್ಣಗ ಮಾತಾಡತೀನಿ. ದಿನಾ ನಿನಗ ಉಂಡೀನಿ, ಚಲೋ ಅದೀನಿ ಅಂತ ಹೇಳತಿದ್ದೆ. ಉಂಡಿದ್ದು ಖರೆ. ಇನ್ನೊಂದ ಮಾತ ಹೇಳಿರಲಿಲ್ಲ. ನನ್ನ ಕಿವಿ ಹೋಗ್ಯಾವ ಅವ್ವಾ. ಅಕ್ಕಗ ಹೇಳಬ್ಯಾಡ. ಆಕಿ ಫೋನಿನ್ಯಾಗ ಏನಂತಾಳೋ ನನಗ ಗೊತ್ತಾಗೂದಿಲ್ಲ. ಚಲೋ ಅದೀಯೇನು ಅಂತ ಕೇಳಿ ಕೊಟ್ಟ ಬಿಡತೀನಿ. ಸಿಟ್ಟಾಗ್ಯಾಳ ಅಂತ. ಆಕಿ ದನಿ ಹ್ಯಾಂಗಿತ್ತು ಅನ್ನೂದ ಮರತ ಹೋಗೈತಿ ನೋಡು..."

ಇನ್ನೂ ಬಹಳ ಹೇಳಿದರು. ಮಾಮಿಯ ಬಗ್ಗೆ, ಮಂಜಿನಲ್ಲಿ ಜಾರಿಬಿದ್ದದ್ದರ ಬಗ್ಗೆ, ಅಂಗಡಿಯಲ್ಲಿ ಸಿಗುವ ಬದನೆಕಾಯಿಗೆ ರುಚಿಯಿಲ್ಲ ಎನ್ನುವುದರ ಬಗ್ಗೆ. ಮುಗಿಸಿ, ಮುಖ ಒರೆಸಿಕೊಂಡು, "ಸಾಕೇನು?" ಎಂದು ಹೆಲೆನ್‌ಳನ್ನು ಕನ್ನಡದಲ್ಲೇ ಕೇಳಿದರು. ಅವಳು ತಲೆಯಾಡಿಸಿದಳು.

ಪ್ರದರ್ಶನ ಶುರುವಾಗಿ, ಹೆಲೆನ್ ಒಂದು ಕ್ಯಾಸೆಟ್ಟು ಕೊಟ್ಟಳು. ಅಷ್ಟರಲ್ಲಿ ನನ್ನ ಮಗಳು ರಿಹಾನಾ ಹುಟ್ಟಿದ್ದಳು. ಕೂಸನ್ನು ತೋರಿಸಲು ಊರಿಗೆ ಹೊರಟಿದ್ದೆ. ಹೊರಡುವ ಮುಂಚೆ ಮಾಮಾ ಎದುರು ಕೂತು ಕೇಳಿದೆ.

"ಮಾಮಾ, ಕ್ಯಾಸೆಟ್ ಒಯ್ಯಲೇನ್ರಿ ಅತ್ತಿ ಕಡೆ?"

"ಬ್ಯಾಡ."

"ನೀವು ಹಾದೀಲಿ ಹೋಗೂ ಇಂಗ್ರೇಜಿ ಮಂದಿಗೆಲ್ಲಾ ಹೇಳೀರಿ. ಅತ್ತಿಗೊಬ್ಬಾಕಿಗಿ ಬ್ಯಾಡೇನ್ರಿ?"

ಅವರು ನನ್ನ ತುಟಿಯಿಂದ ಕಣ್ಣು ತೆಗೆದು ಕೂಸಿನ ಕಡೆ ನೋಡಿದರು. "ಬೈತಾಳ," ಎಂದರು. ಆಮೇಲೆ, "ಬೈಲಿ, ಒಯ್ಯಿ."

ಸೋನ್ಯಾಳದ ಅಂಗಳದಲ್ಲಿ, ಬೇವಿನ ಮರದ ಕೆಳಗೆ, ಟೇಪ್‌ರೆಕಾರ್ಡರ್ ಇಟ್ಟು ಗುಂಡಿ ಒತ್ತಿದೆ. ಅತ್ತೆ ಜೋಳ ಹಸನು ಮಾಡುತ್ತ ಮೊರ ಹಿಡಿದಿದ್ದರು. "ಅವ್ವಾ, ನಾ ಹುಸೇನ" ಎಂದ ಕೂಡಲೇ ಮೊರ ಕೆಳಗಿಟ್ಟರು. ಕಿವಿಯ ಮಾತು ಬಂದಾಗ ಸೆರಗು ಬಾಯಿಗೊತ್ತಿಕೊಂಡರು. ಮುಗಿದ ಮೇಲೂ ಕ್ಯಾಸೆಟ್ಟು ಬರಿದೇ ತಿರುಗುತ್ತಿತ್ತು. ನಾನು ನಿಲ್ಲಿಸಲು ಕೈ ಚಾಚಿದೆ.

"ಇದರಾಗ ನನ್ನ ಮಾತೂ ತುಂಬತಾವೇನು?" ಎಂದು ಕೇಳಿದರು.

"ತುಂಬತಾವ್ರಿ ಅತ್ತಿ. ಆದ್ರ ಮಾಮಾಗ ಕೇಳಸಂಗಿಲ್ಲಲ್ರಿ."

"ನೀ ಅದೀಯಲ್ಲ. ಹಚ್ಚು."

ತಿರುಗಿ ಬಂದ ಮೇಲೆ ಮೇಜಿನ ಎದುರು ಮಾಮಾರನ್ನು ಕೂರಿಸಿ, ಟೇಪು ಹಚ್ಚಿ, ಒಂದೊಂದೇ ಸಾಲು ಕೇಳಿ ನಿಲ್ಲಿಸುತ್ತ, ಅದನ್ನು ನನ್ನ ಬಾಯಿಂದ ಆಡಬೇಕಾಯಿತು. ಮೊದಲ ಸಾಲಿಗೇ ಬೆವರಿದೆ. ಹಿರಿಯರಿಗೆ ಹಾಗೆ ಹೇಗೆ ಅನ್ನಲಿ? ದಸ್ತಗೀರ, "ಅನ್ನು, ನೀ ಈಗ ನಮ್ಮವ್ವ," ಎಂದರು. ಗಂಟಲು ಸರಿಮಾಡಿಕೊಂಡು ಒದರಿದೆ.

"ಏ ಹುಸೇನ್ಯಾ! ಅವ್ವಗ ಹೇಳ್ದಿ, ನನಗ ಹೇಳಲಿಲ್ಲ. ಸತ್ತಾಕಿ ಹತ್ತಿರದಾಕಿ, ಇದ್ದಾಕಿ ದೂರದಾಕಿ ಆದ್ನೇನೋ ಮಂಗ್ಯಾ? ಕಿವಿ ಹೋದ್ರ ಹೋಗ್ಲಿ, ಕಣ್ಣ ಅದಾವಿಲ್ಲೋ? ಬಂದು ನನ್ನ ಮಾರಿ ನೋಡು. ನೀ ಸಣ್ಣಾವಿದ್ದಾಗ ನಿನಗ ಮಾತ ಕಲಿಸಿದಾಕಿ ನಾನು. ಇನ್ನೊಮ್ಮಿ ಕಲಸ್ತೀನಿ."

ನಸೀಮ್ ಆಪಾ ಗಾಬರಿಯಿಂದ ಬಾಗಿಲು ಬಡಿದರು, ನಾನು ಮಾವನ ಜೊತೆ ಜಗಳಕ್ಕೆ ಬಿದ್ದಿದ್ದೇನೆಂದು. ಮಾಮಾ ಅಳುತ್ತ ನಗುತ್ತ ಅವರಿಗೆ ಕೂರಲು ಕುರ್ಚಿ ತೋರಿಸಿದರು.

"ಇದ ಆಕಿ ಮಾತ ಹೌದಲ್ಲ? ನೀ ಏನೂ ಸೇರಿಸಿಲ್ಲಲ್ಲ?"

"ಇಲ್ರಿ ಮಾಮಾ."

"ಇನ್ನೊಮ್ಮಿ ಬೈ."

ಆ ಚಳಿಗಾಲ ಮಾಮಾ ಸೋನ್ಯಾಳಕ್ಕೆ ಹೋದರು. ಅತ್ತೆ ಜತ್ತದ ಬಸ್ ಸ್ಟ್ಯಾಂಡಿಗೇ ಬಂದು ನಿಂತಿದ್ದರಂತೆ. ಊರಿನವರೆಲ್ಲ ಕಿವುಡ ಎಂದು ಅವರ ಮುಂದೆ ಒದರುತ್ತಿದ್ದರಂತೆ, ಅತ್ತೆ ಒಬ್ಬರೇ ಎದುರು ಕೂತು, ಸಣ್ಣ ಹುಡುಗನಿಗೆ ಹೇಳುವಂತೆ ತುಟಿ ಬಿಡಿಸಿ ಮಾತಾಡುತ್ತಿದ್ದರಂತೆ. ಅಲ್ಲೇ ಉಳಿಯಬಹುದೆಂದು ನಾವು ಅಂದುಕೊಂಡಿದ್ದೆವು. ಜೋಳದ ಹಿಟ್ಟಿನ ಗಂಟು ಹೊತ್ತು ತಿರುಗಿ ಬಂದರು. "ಭಾಳ ಹೇಳಿದ್ರು, ಇರು ಅಂತ," ಎಂದರು. "ಆದ್ರ ಇಲ್ಲಿ ನಿಮ್ಮ ಮಾಮಿ ಒಬ್ಬಾಕಿನ ಮಲಗ್ಯಾಳ." ಎರಡು ವರ್ಷದ ಮೇಲೆ ಅವರೂ ಮಾಮಿಯ ಪಕ್ಕದಲ್ಲೇ ಮಲಗಿದರು.

ಹೆಲೆನ್‌ಳ ಕಂಬಗಳನ್ನು ಜನ ಇಷ್ಟಪಟ್ಟರೆಂದು ಮ್ಯೂಸಿಯಮ್ಮಿನವರು ಆ ದನಿಗಳನ್ನು ಬಹಳ ಕಾಲ ತೆಗೆಯಲಿಲ್ಲ. ಮಾಮಾ ಹೋದ ಮೇಲೆ ನಾನು ಮಗಳ ಕೈಹಿಡಿದು ಮೂರನೆಯ ಅಂತಸ್ತಿಗೆ ಹತ್ತಿಹೋಗಿ ಅವರ ಕಂಬದ ಕೆಳಗೆ ನಿಲ್ಲುತ್ತಿದ್ದೆ. ಒಮ್ಮೆ ಅಲ್ಲಿ ಒಬ್ಬ ಬಿಳಿಯ ಅಜ್ಜಿ ಕಣ್ಣು ಮುಚ್ಚಿ ನಿಂತಿದ್ದಳು. ನನ್ನನ್ನು ನೋಡಿ, "ಏನು ಹೇಳುತ್ತಿದ್ದಾನೆ, ಲವ್?" ಎಂದು ಕೇಳಿದಳು. ತಾಯಿಯ ಜೊತೆ ಮಾತಾಡುತ್ತಿದ್ದಾರೆ ಎಂದೆ. "ಹಾಗೇ ಇರಬೇಕು ಅನ್ನಿಸಿತು," ಎಂದಳು. ಕೊನೆಗೊಂದು ದಿನ ಕಂಬಗಳಿಂದ ಸ್ಪೀಕರುಗಳನ್ನು ಬಿಚ್ಚಿದರು. ಈಗ ಅಲ್ಲಿ ಕನ್ನಡಿಗಳಿವೆ. ದಸ್ತಗೀರ ಅವನ್ನು ಕಾಯುತ್ತಾರೆ.

ಈಗ ಸೋನ್ಯಾಳದ ಮನೆಗೂ ಮೊಬೈಲ್ ಬಂದಿದೆ. ಅತ್ತೆ ಅಂಗಳದಲ್ಲೇ ಕೂತು ಮಾತಾಡುತ್ತಾರೆ. ಕಳೆದ ರವಿವಾರ, ವಾರಗಟ್ಟಲೆ ಮಳೆಯ ನಂತರ, ಇಲ್ಲಿ ಆಕಾಶ ತೆರೆದಿತ್ತು. ಓಣಿಯವರೆಲ್ಲ ಕುರ್ಚಿ ಹಾಕಿಕೊಂಡು ಹೊರಗೆ ಕೂತಿದ್ದರು. ನಾನೂ ಹೊಸ್ತಿಲಲ್ಲಿ ಕೂತು ಫೋನು ಹಚ್ಚಿದೆ.

"ಅತ್ತಿ, ನಮ್ಮೂರಾಗ ಇವತ್ತ ಬಿಸಲ ಬಿದ್ದೈತ್ರಿ!"

"ಯಾವ ನಮ್ಮೂರಾಗವ್ವಾ?" ಎಂದು ಅತ್ತೆ ಕೇಳಿದರು.

ಏನು ಅಂದೆನೆಂದು ಆಗ ನನಗೆ ತಿಳಿಯಿತು. ನಾಲಿಗೆ ಕಚ್ಚಿಕೊಂಡೆ. ತಿದ್ದಿ ಹೇಳಬಹುದಿತ್ತು. ಹೇಗೆ ತಿದ್ದಬೇಕೋ ಗೊತ್ತಾಗಲಿಲ್ಲ. ಎದುರು ಮನೆಯ ಹುಡುಗಿಯ ಜೊತೆ ರಿಹಾನಾ ಕುಂಟಾಟ ಆಡುತ್ತಿದ್ದಳು. ನಾನು ಸುಮ್ಮನಿದ್ದುದು ಅತ್ತೆಗೆ ಕೇಳಿಸಿರಬೇಕು, ಅವರೇ ನಕ್ಕರು.

"ಇರಲಿ ಬಿಡು. ಇಲ್ಲೂ ಬಿದ್ದೈತಿ."